ರಹಿಮತಬಿ ಮನೆಮನೆಗೆ ಕೇಳಿದ ಪ್ರಶ್ನೆ

ಸತ್ತವರನ್ನು ಹೊಗಳಬೇಕು ಎಂಬುದು ಲೋಕದ ನಿಯಮ. ಬದುಕಿದ್ದಾಗ ಹೆಂಡತಿಯ ಕೈಯಲ್ಲಿ ಹೊತ್ತುಹೊತ್ತಿಗೆ ಬೈಸಿಕೊಂಡವನೂ ಫೋಟೋ ಆಗಿ ಗೋಡೆಗೇರಿದ ಮೇಲೆ ಅಪ್ಪಟ ಚಿನ್ನ. ಆ ಚಿನ್ನವನ್ನು ಒರೆಗೆ ಹಚ್ಚುವ ಕೆಲಸ ರಹಿಮತಬಿಗೆ ಸಿಕ್ಕಿತು. ಅದೂ ಐವತ್ತರ ಹತ್ತಿರದ ವಯಸ್ಸಿನಲ್ಲಿ, ಮೊಣಕಾಲು ನೋವು ಶುರುವಾದ ಮೇಲೆ.

ಕೆಲಸ ಹೇಳಲು ಸಣ್ಣದು. ರಸ್ತೆಯಲ್ಲಿ ಅಪಘಾತವಾಗಿ ಸತ್ತವರ ಮನೆಗೆ ಹೋಗಬೇಕು, ಕೂರಬೇಕು, ಗಾಡಿ ನಡೆಸಿದವನು ಅವತ್ತು ಕುಡಿದಿದ್ದನೇ ಎಂದು ಕೇಳಬೇಕು, ಹೇಳಿದ್ದನ್ನು ಬರೆದುಕೊಂಡು ಬರಬೇಕು. ಗೋವಾದಲ್ಲಿ ಕುಡಿದು ಗಾಡಿ ನಡೆಸಿ ಸಾಯುವವರು ಖರೇ ಎಷ್ಟು ಎಂದು ಅಳೆಯಲು ಆರೋಗ್ಯದ ಸಂಸ್ಥೆಯೊಂದು ಹೊರಟಿತ್ತು. ಕಾಗದದಲ್ಲಿದ್ದ ಲೆಕ್ಕವನ್ನು ಅವರು ನಂಬಿರಲಿಲ್ಲ. ಕಾಗದ ಹೇಳುತ್ತಿದ್ದುದು ವೇಗ, ಮಳೆ, ಖಡ್ಡಾ ಅನ್ನುವ ರಸ್ತೆಯ ಗುಂಡಿ, ಎದುರಿನ ಗಾಡಿಯ ಲೈಟು. ಕುಡಿತದ ಹೆಸರು ಎಲ್ಲೋ ಒಂದೊಂದು ಕಡೆ. ಬದುಕಿದ್ದವನಾದರೆ ಪೊಲೀಸರ ಯಂತ್ರಕ್ಕೆ ಊದುತ್ತಾನೆ, ಸತ್ತವನು ಏನು ಊದಿಯಾನು? ರಕ್ತ ಪರೀಕ್ಷೆಗೆ ಹೋದರೆ ಸರಿ, ಹೋಗದಿದ್ದರೆ ಅವನು ಕುಡಿದದ್ದು ಅವನ ಜೊತೆಗೇ ಮಣ್ಣು ಸೇರುತ್ತದೆ. ಉಳಿದದ್ದು ಮನೆಯವರ ಬಾಯಿ. ಆ ಬಾಯಿಯೋ, ಕನ್ನಡದ್ದು. ಡಿಚೋಲಿಯ ಗಣಿ ಲಾರಿಗಳಲ್ಲಿ, ಸಾವರ್ಡೆಯ ಟ್ರಾನ್ಸ್‌ಪೋರ್ಟಿನಲ್ಲಿ, ಕೊರ್ಲಿಮಿನ ಫ್ಯಾಕ್ಟರಿಗಳಲ್ಲಿ ದುಡಿಯುವ ನಮ್ಮ ಕಡೆಯ ಜನ ಕೊಂಕಣಿಯಲ್ಲಿ ಮೀನು ಕೊಳ್ಳುತ್ತಾರೆ, ಹಿಂದಿಯಲ್ಲಿ ಕೆಲಸ ಮಾಡಿಸುವ ಮುಕಾದಮನ ಜೊತೆ ಜಗಳಾಡುತ್ತಾರೆ, ಆದರೆ ಅಳುವುದು ಕನ್ನಡದಲ್ಲೇ. ಹೀಗಾಗಿ ಕನ್ನಡ ಬಲ್ಲ, ಓದುಬರಹ ಬಲ್ಲ, ಎಲ್ಲರ ಅಡುಗೆಮನೆಗೂ ನುಗ್ಗಬಲ್ಲ ಹೆಂಗಸು ಬೇಕಾದಳು.

ರಹಿಮತಬಿ ಮುದ್ದೇಬಿಹಾಳದ ಕಡೆಯವಳು. ಏಳನೆಯ ಇಯತ್ತೆ ಕಲಿಯುವಷ್ಟರಲ್ಲಿ ಮದುವೆ, ಮದುವೆಯಾದ ವರ್ಷವೇ ಗೋವಾ. ಗಂಡ ರಸೂಲಸಾಬ ಸಾವರ್ಡೆಯಲ್ಲಿ ಲಾರಿ ಚಾಲಕ; ವಾರಕ್ಕೊಮ್ಮೆ ಮನೆಗೆ ಬರುವ ನೆಂಟ. ಅವಳು ಕಟ್ಟಡದ ಕೆಲಸದಲ್ಲಿ ಬುಟ್ಟಿ ಹೊತ್ತಳು, ಆಮೇಲೆ ಒಂದು ದವಾಖಾನೆಯಲ್ಲಿ ಕಸ ಹೊಡೆದಳು. ಅಲ್ಲಿಗೆ ಬಂದ ಕನ್ನಡದ ರೋಗಿಗಳಿಗೂ ಡಾಕ್ಟರಿಗೂ ನಡುವೆ ನಿಂತು ಮಾತು ದಾಟಿಸುವುದು ರೂಢಿಯಾಯಿತು. ಆ ಸಂಸ್ಥೆಯ ಜಯಶ್ರೀ ಮೇಡಂ, ಧಾರವಾಡದವರು, ಅವಳನ್ನು ಕಂಡದ್ದು ಅಲ್ಲೇ. ಒಬ್ಬ ಮುದುಕಿಯ ಬಾಯಿಯಿಂದ ಮೂಲವ್ಯಾಧಿಯ ವಿಷಯವನ್ನು ನಗಿಸಿ ನಗಿಸಿ ಹೊರತೆಗೆದದ್ದನ್ನು ನೋಡಿ, "ನೀವು ನಮ್ಮ ಕಡೆ ಬರ್ರಿ" ಅಂದರು.

ಮೊದಲ ತಿಂಗಳು ರಹಿಮತಬಿ ತಂದದ್ದೆಲ್ಲ 'ಇಲ್ಲ'. "ನಮ್ಮ ಮನಿಯವರು ಆ ಪೈಕಿ ಅಲ್ರಿ." "ದೇವರಂಥಾ ಮನಷ್ಯಾರೀ." "ವಾಸನಿ ಬಂದ್ರ ಮೂಗ ಮುಚ್ಚಿಕೊಂತಿದ್ದ." ಇಷ್ಟು ಜನ ದೇವರಂಥವರು ಗೋವಾದ ಬಾರುಗಳ ಮುಂದೆ ಹಾದುಹೋಗುತ್ತಿದ್ದರೆ ಆ ಬಾರುಗಳು ಎಂದೋ ಬಾಗಿಲು ಹಾಕಬೇಕಿತ್ತು. ರಹಿಮತಬಿಗೆ ಸಿಟ್ಟು ಬರುತ್ತಿತ್ತು, ಆದರೆ ಹೆಣ್ಣುಮಕ್ಕಳ ಕಣ್ಣೀರಿನ ಮುಂದೆ ಸಿಟ್ಟು ನಡೆಯುತ್ತದೆಯೇ?

ಮಹಾಲಯ ಅಮಾವಾಸ್ಯೆಯ ಪಕ್ಷ ಶುರುವಾದಾಗ ಅವಳಿಗೊಂದು ಉಪಾಯ ಹೊಳೆಯಿತು. ಹಿರಿಯರಿಗೆ ಎಡೆ ಇಡುವ ಕಾಲ. ಸತ್ತವರಿಗೆ ಏನೇನು ಇಷ್ಟವಿತ್ತೋ ಅದನ್ನೆಲ್ಲ ಫೋಟೋದ ಮುಂದೆ ಇಡುತ್ತಾರೆ. ಬೀಡಿ ಸೇದುವವನಿಗೆ ಬೀಡಿ, ಮೀನು ಬಯಸುವವನಿಗೆ ಮೀನು, ಕುಡಿಯುವವನಿಗೆ ಕ್ವಾರ್ಟರ್ ಬಾಟಲಿ, ಮುಚ್ಚಳ ತೆಗೆದೇ. ಬಾಯಲ್ಲಿ 'ಮುಟ್ಟುತ್ತಿರಲಿಲ್ಲ' ಎಂದವರ ಮನೆಯಲ್ಲೂ ಎಡೆ ಸುಳ್ಳು ಹೇಳುವುದಿಲ್ಲ. ಸತ್ತವನಿಗೆ ಆಸೆ ಉಳಿಯಬಾರದಲ್ಲ! ರಹಿಮತಬಿ ಆ ಪಕ್ಷದ ಮೊದಲ ವಾರ ಮನೆಮನೆ ಸುತ್ತಿ, ಕುಡಿತದ ಮಾತೇ ಎತ್ತದೆ, "ಎಡಿಗೆ ಏನೇನ ಇಟ್ಟಿರವಾ?" ಎಂದು ಅಕ್ಕರೆಯಿಂದ ಕೇಳಿ, ಬಾಟಲಿ ಕಂಡಲ್ಲೆಲ್ಲ 'ಹೌದು' ಎಂದು ಬರೆದಳು. ಡಿಚೋಲಿಯಲ್ಲಿ ಕಾಳಿಬಾಯಿ ಎಂಬ ಹೆಂಗಸು, ಬೈಕಿನಿಂದ ಬಿದ್ದು ಸತ್ತ ಗಂಡನ ವಿಷಯದಲ್ಲಿ "ಅವತ್ತ ಕುಡದಿದ್ದಿಲ್ಲ ಅಕ್ಕಾ" ಎಂದು ಮೂರು ಸಲ ಹೇಳಿದಳು. ಎದುರಿಗೇ ಕ್ವಾರ್ಟರ್ ಕೂತಿತ್ತು. ರಹಿಮತಬಿ ತಲೆಯಾಡಿಸಿ 'ಹೌದು' ಎಂದೇ ಬರೆದಳು.

ಬರೆದ ಹಾಳೆಗಳ ಕಂತೆ ತಂದು ಹೆಮ್ಮೆಯಿಂದ ಮೇಜಿನ ಮೇಲಿಟ್ಟಳು. ಜಯಶ್ರೀ ಮೇಡಂ ಒಂದೊಂದೇ ತಿರುವಿ, ಕಾಳಿಬಾಯಿಯದು ಬಂದಾಗ ಬೇರೊಂದು ಕಾಗದ ತೆಗೆದರು. ಆ ಮನುಷ್ಯನ ರಕ್ತ ಅದೃಷ್ಟವಶಾತ್ ಪರೀಕ್ಷೆಗೆ ಹೋಗಿತ್ತು. ಅದರಲ್ಲಿ ಹೆಂಡದ ಸುಳಿವೇ ಇರಲಿಲ್ಲ.

"ರಹಿಮತಬಿಯವರ, ಆ ಹೆಣ್ಣಮಗಳು ಖರೇ ಹೇಳ್ಯಾಳ. ಸುಳ್ಳ ಬರದವರು ನೀವು."

"ಬಾಟ್ಲಿ ಇಟ್ಟಿದ್ಲರಿ ಮೇಡಂ!"

"ಇಟ್ಟಿರ್ತಾಳ. ಹಬ್ಬಕ್ಕ ಕುಡೀತಿದ್ದ, ಅದಕ್ಕ ಇಟ್ಟಾಳ. ನಾವು ಕೇಳೂದು ಜನ್ಮದ ಹಣೇಬರಹ ಅಲ್ಲ. ಅವತ್ತಿಂದು ಅಷ್ಟs. ಒಬ್ಬನ ಹೆಚ್ಚಗಿ ಬರದ್ರೂ ತಪ್ಪ, ಕಡಿಮಿ ಬರದ್ರೂ ತಪ್ಪ. ಎಡಿ ಕೇಳೂದು ಬಿಡ್ರಿ."

ರಹಿಮತಬಿಗೆ ಮುಖ ತೋರಿಸಲು ಆಗಲಿಲ್ಲ. ಜಾಣತನ ಹೆಚ್ಚಾದರೆ ಹೀಗೇ. ಡಿಚೋಲಿಗೆ ಮತ್ತೆ ಹೋಗಿ ಎಲ್ಲ ಮನೆಗಳಲ್ಲೂ ಹೊಸದಾಗಿ ಕೇಳಿದಳು. ಕಾಳಿಬಾಯಿಯ ಮುಂದೆ ಕೈಮುಗಿದಳು ಕೂಡ. ಕಾಳಿಬಾಯಿಗೆ ಯಾಕೆಂದು ತಿಳಿಯಲಿಲ್ಲ, ಚಹಾ ಕೊಟ್ಟು ಕಳಿಸಿದಳು.

ಈ ಕೆಲಸಕ್ಕೆ ರಹಿಮತಬಿ ಒಪ್ಪಿದ್ದರ ಹಿಂದೆ ಬೇರೆಯದೇ ಕಾರಣವಿತ್ತು. ಸತ್ತವರ ಪಟ್ಟಿಯಲ್ಲಿ ಅವಳ ಮಗನೂ ಇದ್ದ.

ಹಾರೂನ ಕೊರ್ಲಿಮಿನ ಫ್ಯಾಕ್ಟರಿಯೊಂದರಲ್ಲಿ ಕೆಲಸಕ್ಕಿದ್ದ. ಪಕ್ಕದ ಖೋಲಿಯ ಹುಲಿಗೆವ್ವನ ಮಗ ಮುತ್ತುವೂ ಅಲ್ಲೇ. ಇಬ್ಬರದೂ ಒಂದೇ ವಾರಿಗೆಯ ವಯಸ್ಸು. ಎರಡು ವರ್ಷದ ಹಿಂದೆ, ಮಳೆಗಾಲದ ಒಂದು ಮಧ್ಯಾಹ್ನ, ಹಾರೂನನನ್ನು ನೋಡಲು ವಾಸ್ಕೋದಿಂದ ಹೆಣ್ಣಿನ ಕಡೆಯವರು ಬರುವವರಿದ್ದರು. ಫ್ಯಾಕ್ಟರಿ ಬಸ್ಸನ್ನು ಕಾದರೆ ಹೊತ್ತಾಗುತ್ತದೆ. ಮುತ್ತುವಿಗೆ ಅವತ್ತು ರಜೆ, ಅವನ ಬೈಕು ಮನೆ ಮುಂದೆಯೇ ನಿಂತಿತ್ತು. ರಹಿಮತಬಿ ಪಕ್ಕದ ಮನೆಗೆ ಹೋಗಿ, "ಮುತ್ತೂ, ಹಾರೂನನ್ನ ಲಗೂನ ಕರಕೊಂಡ ಬಾರಪಾ" ಅಂದಳು. ಮುತ್ತು ಹೋದ. ಬರುವಾಗ ಬೈಕು ಒಂದು ತಿರುವಿನಲ್ಲಿ ರಸ್ತೆ ಬಿಟ್ಟು ಮೋರಿಯ ಕಟ್ಟೆಗೆ ಹೊಡೆಯಿತು. ಇಬ್ಬರೂ ಉಳಿಯಲಿಲ್ಲ. ಅಲ್ಲೊಂದು ದೊಡ್ಡ ಖಡ್ಡಾ ಇತ್ತು, ಮಳೆಯ ನೀರು ತುಂಬಿ ಕಾಣುತ್ತಿರಲಿಲ್ಲ. ಅದರಿಂದಲೇ ಆಯಿತೆಂದು ಎಲ್ಲರೂ ಅಂದರು, ಕಾಗದದಲ್ಲೂ ಹಾಗೇ ಬರೆಯಲಾಯಿತು. ಮುತ್ತುವಿನ ರಕ್ತದ ಪರೀಕ್ಷೆ ಆಗಿರಲಿಲ್ಲ.

'ನಾನೇ ಕಳಿಸಿದೆ' ಎಂದು ರಹಿಮತಬಿ ತಿಂಗಳುಗಟ್ಟಲೆ ಎದೆ ಬಡಿದುಕೊಂಡಳು. ಆಗ ಅವಳನ್ನು ಹಿಡಿದು ಕೂರಿಸಿ ಅನ್ನ ತಿನ್ನಿಸಿದವಳು ಹುಲಿಗೆವ್ವ. ತಾನೂ ಮಗನನ್ನು ಕಳೆದುಕೊಂಡವಳು, ಗಂಡನೂ ಇಲ್ಲದವಳು. "ನಿಂದೇನ ತಪ್ಪ ಐತಿ ಅಕ್ಕಾ? ಖಡ್ಡಾದಾಗ ಬಿದ್ರ ಯಾರೇನ ಮಾಡ್ಬೇಕು?" ಎಂದು ಅವಳು ಹೇಳಿ ಹೇಳಿಯೇ ರಹಿಮತಬಿ ಮತ್ತೆ ಮನುಷ್ಯಳಾದದ್ದು. ಎರಡು ಮಳೆಗಾಲವೂ ಇಬ್ಬರು ತಾಯಂದಿರು ಒಡೆದ ಫರಸಿಕಲ್ಲಿನ ಚೂರು, ಇಟ್ಟಿಗೆ ಪುಡಿ ಬುಟ್ಟಿಯಲ್ಲಿ ಹೊತ್ತು ಆ ತಿರುವಿಗೆ ನಡೆದು ಹೋಗಿ ಖಡ್ಡಾ ಮುಚ್ಚಿ ಬಂದರು. ಯಾರೂ ಹೇಳಿರಲಿಲ್ಲ, ಯಾರೂ ಕೇಳಲೂ ಇಲ್ಲ. ಒಂದೇ ನಲ್ಲಿ, ಒಂದೇ ಒಗೆಯುವ ಕಲ್ಲು. ಹಬ್ಬದ ಹೋಳಿಗೆ ಅತ್ತಿಂದ ಇತ್ತ, ಈದಿನ ಶೀರಖುರ್ಮಾ ಇತ್ತಿಂದ ಅತ್ತ. ರಹಿಮತಬಿಗೆ ಗೋವಾದಲ್ಲಿ ತವರುಮನೆ ಅಂತ ಏನಾದರೂ ಇದ್ದರೆ ಅದು ಆ ಪಕ್ಕದ ಖೋಲಿಯೇ.

ಹಾರೂನನ ಹಾಳೆಯನ್ನು ಜಯಶ್ರೀ ಮೇಡಂ ತಾವೇ ಬಂದು ತುಂಬಿದ್ದರು. ಗಾಡಿ ನಡೆಸಿದವನು ಕುಡಿದಿದ್ದನೇ ಎಂದು ಅವರು ಕೇಳಿದಾಗ ರಹಿಮತಬಿಗೆ ಕೆನ್ನೆಗೆ ಹೊಡೆದಷ್ಟು ಉರಿಯಿತು. ಊರವರನ್ನೆಲ್ಲ ತಾನು ಕೇಳಿದ್ದು ಇದನ್ನೇ ಎಂದು ಆಮೇಲೆ ನೆನಪಾಯಿತು. "ಇಲ್ರಿ. ಖಡ್ಡಾದಾಗ ಬಿತ್ತು ಗಾಡಿ" ಅಂದಳು. ಅದು ಅವಳ ಮಟ್ಟಿಗೆ ಖರೆಯೇ ಆಗಿತ್ತು.

ಉಳಿದದ್ದು ಮುತ್ತುವಿನ ಹಾಳೆ. "ಅದಕ್ಕ ಬ್ಯಾರೆಯವರನ್ನ ಕಳಸ್ತೇನಿ, ನೀವು ಹೋಗೂದು ಚಲೋ ಅಲ್ಲ" ಎಂದರು ಮೇಡಂ.

"ಬ್ಯಾರೇದವರು ಹ್ವಾದ್ರ ಆಕಿ ಬಾಗಲಾ ಹಾಕ್ಕೊಂತಾಳ್ರಿ. ನಾ ಹೋಗತೇನಿ. ಕೇಳೂದರ ಏನೈತಿ ಅದರಾಗ?"

ಕೇಳುವುದೇನಿದೆ ಎಂದು ಎಷ್ಟು ನಂಬಿದ್ದಳೆಂದರೆ, ಅಮಾವಾಸ್ಯೆಯ ಮರುದಿನ ಬೆಳಿಗ್ಗೆ ತನ್ನ ಖೋಲಿಯಲ್ಲೇ ಕೂತು ಹಾಳೆ ತುಂಬಿ ಮುಗಿಸಿದಳು. ಹೆಸರು ಮುತ್ತು. ನಡೆಸಿದವನು ಅವನೇ. ಕುಡಿದಿದ್ದನೇ? ಇಲ್ಲ. ಕಾರಣ, ಖಡ್ಡಾ. ತಾಯಿಯ ಸಹಿ ಒಂದು ಬಾಕಿ. ಅದಕ್ಕಾಗಿ ಪಕ್ಕಕ್ಕೆ ಹೋದಳು.

ಹುಲಿಗೆವ್ವ ಹಿಂದಿನ ದಿನದ ಎಡೆ ತೆಗೆಯುತ್ತಿದ್ದಳು. ಫೋಟೋದ ಮುಂದೆ ಕಡಬು, ಕೋಳಿ ಸಾರು, ಮುತ್ತುವಿಗೆ ಇಷ್ಟವೆಂದು ಕಿತ್ತಳೆ ಬಣ್ಣದ ಸೋಡಾ. ರಹಿಮತಬಿ ನೆಲದ ಮೇಲೆ ಕೂತಳು. ಕೂತವಳಿಗೆ ಡಿಚೋಲಿಯ ತನ್ನ ಪೆದ್ದುತನ ನೆನಪಾಗಿ ನಗು ಬಂತು.

"ಎಲ್ಲಾರ ಮನ್ಯಾಗೂ ಕ್ವಾರ್ಟರ್ ನೋಡಿ ನೋಡಿ ಸಾಕಾಗೇತಿ ನನಗ. ನೀ ಒಬ್ಬಾಕಿನ ಇಟ್ಟಿಲ್ಲ ನೋಡು. ರಜಾ ದಿನ ಮುತ್ತು ಗೆಳ್ಯಾರ ಜೋಡಿ ಒಂದೀಟ ತಗೋತಿದ್ದಲ್ಲ? ನನಗೇನ ಗೊತ್ತಿಲ್ಲಂತ ಮಾಡಿಯೇನ?"

ಚೇಷ್ಟೆಗೆ ಅಂದ ಮಾತು. ಹುಲಿಗೆವ್ವ ತಟ್ಟೆ ಕೆಳಗಿಟ್ಟಳು.

"ಅದನ್ನ ಅವನ ಮುಂದ ಇಡೂದಿಲ್ಲಕ್ಕಾ."

"ಯಾಕ?"

"ಅದs ಅಲ್ಲ ಅವನ್ನ ತಿಂದದ್ದು."

ರಹಿಮತಬಿಗೆ ತಟ್ಟನೆ ಅರ್ಥವಾಗಲಿಲ್ಲ. ಕೈಯಲ್ಲಿದ್ದ ಹಾಳೆಯ ಮೇಲೆ ತನ್ನದೇ ದುಂಡನೆಯ ಅಕ್ಷರದ 'ಇಲ್ಲ' ಕಾಣುತ್ತಿತ್ತು. ಅವಳು ಅದನ್ನೊಮ್ಮೆ ನೋಡಿ ಹುಲಿಗೆವ್ವನನ್ನು ನೋಡಿದಳು.

"ಅವತ್ತ ಕುಡದಿದ್ನೇನ?"

ಎಷ್ಟೋ ಮನೆಗಳಲ್ಲಿ ಕೇಳಿದ ಅದೇ ಮಾತು.

ಹುಲಿಗೆವ್ವ ಹೂಂ ಎಂದಳು. ಆಮೇಲೆ ತಡೆಯದೆ ಹೇಳಿದಳು. "ಮಧ್ಯಾಹ್ನದಾಗs ಹಾಕ್ಕೊಂಡ ಬಂದಿದ್ದ. ಕಣ್ಣ ಕೆಂಪಗಾಗಿದ್ದೂ. ಬೈದ ಮಲಗಿಸಿ ಚಾವಿ ಕಸಗೊಂಡಿದ್ದೆ. ಆಗ ನೀ ಬಂದಿ. ಹಾರೂನನ್ನ ಕರಕೊಂಡ ಬಾ ಅಂದಿ. ಅವ ಎದ್ದ ಚಾವಿಗೆ ಕೈ ಚಾಚಿದ. ಚಾವಿ ನನ್ನ ಮುಷ್ಟ್ಯಾಗಿತ್ತಕ್ಕಾ."

"ಮತ್ತ ಯಾಕ ಕೊಟ್ಟಿ?"

"ನೀ ಎದುರಿಗೆ ನಿಂತಿದ್ದಿ."

"ನಿಂತಿದ್ರ?"

"ಹಾಡಾ ಹಗಲ ಕುಡದ ಬಿದ್ದಾನಂತ ನಿನ್ನ ಮುಂದ ಹೆಂಗ ಹೇಳ್ಲಿ? ನಿನ್ನ ಮಗ ಒಂದ ಹೊತ್ತ ನಮಾಜ ಬಿಡದಾಂವ. ಅವಗ ಕನ್ಯಾ ಕೊಡೋರು ಬರಾಕತ್ತಾರ. ಎಂಥಾ ಮಗನ ಹಡದಾಳ ಅಂತ ನೀ ಅಂದಕೊಂತಿ ಅಂತ ನಾಚಿಕಿ ಬಂತು. ಸನೀಪದ ಹಾದಿ, ಹೋಗಿ ಬರ್ತಾನ ಬಿಡು ಅಂದ ಕೊಟ್ಟಬಿಟ್ಟೆ."

ರಹಿಮತಬಿಗೆ ಮೊದಲು ಬಂದದ್ದು ಸಿಟ್ಟು, ಬರೀ ಸಿಟ್ಟು. ಅವಳನ್ನು ಹಿಡಿದು ಬಡಿಯಬೇಕು ಅನ್ನಿಸಿತು. ಒಂದು ಮಾತು. 'ಅಕ್ಕಾ, ಇವ ಕುಡದಾನ' ಎಂಬ ಒಂದು ಮಾತು ಸಾಕಿತ್ತು. ಹಾರೂನ ಬಸ್ಸಿಗೆ ಬರುತ್ತಿದ್ದ, ಹೆಣ್ಣಿನವರು ಒಂದಿಷ್ಟು ಹೊತ್ತು ಕಾಯುತ್ತಿದ್ದರು, ಕಾಯದಿದ್ದರೆ ಬೇರೆ ಹೆಣ್ಣು ಸಿಗುತ್ತಿತ್ತು. ಎರಡು ಮಳೆಗಾಲ ಇದೇ ಹೆಂಗಸು ತನ್ನ ಜೊತೆ ಬುಟ್ಟಿ ಹೊತ್ತು ಬಂದು ಖಡ್ಡಾ ಮುಚ್ಚಿದ್ದಳಲ್ಲ!

"ಎರಡ ವರ್ಷ ನನ್ನ ಕಡಿಂದ ಕಲ್ಲ ಹೊರಸಿದಿಯಲ್ಲ ಹುಲಿಗೆವ್ವಾ!"

"ನೀ ಸಾಯಾಕತ್ತಿದ್ದಿ ಅಕ್ಕಾ. 'ನಾನ ಕಳಿಸಿದೆ, ನಾನ ಕೊಂದೆ' ಅಂತ ಅನ್ನ ಬಿಟ್ಟಿದ್ದಿ. ಏನರ ಒಂದ ಹೇಳಬೇಕಾಗಿತ್ತು ನಿನಗ. ನನಗೂ."

ರಹಿಮತಬಿಯ ಸಿಟ್ಟಿನ ಅಡಿಯಿಂದ ಇನ್ನೊಂದು ಮೇಲೆದ್ದು ಬರುತ್ತಿತ್ತು. ಅವತ್ತು ಹುಲಿಗೆವ್ವ ಚಾವಿ ಕೊಡಲು ತಡಮಾಡಿದ್ದು ಈಗ ನೆನಪಾಯಿತು. ಮೈಮೇಲಿನ ಹೊಸ ಸೀರೆ, ಒಲೆಯ ಮೇಲಿನ ಬಿರ್ಯಾನಿ, ತಲೆಯೊಳಗೆ ವಾಸ್ಕೋದ ನೆಂಟರು. ಆ ಅವಸರದಲ್ಲಿ ತಾನೇ ಅಂದಿದ್ದಳು: "ಚಾವಿ ಕೊಡವಾ ಲಗೂನ, ಏನ ನೋಡಾಕತ್ತಿ?" ಮುತ್ತುವಿನ ಮುಖವನ್ನು ಅವಳು ನೋಡಿಯೂ ಇರಲಿಲ್ಲ.

ಪೆನ್ನು ತೆಗೆದು 'ಇಲ್ಲ'ದ ಮೇಲೆ ಗೆರೆ ಎಳೆದಳು. 'ಹೌದು' ಎಂದು ಬರೆದಳು. ಹಾಳೆಯ ಹಿಂಬದಿಗೆ, ಹೌದು ಎಂದವರಿಗೆ ಮಾತ್ರ ಕೇಳುವ ಪ್ರಶ್ನೆಗಳಿದ್ದವು. ಅವಳು ಅಲ್ಲಿಗೆ ಹೋಗಿದ್ದು ಅಪರೂಪ. ಕುಡಿದದ್ದು ಯಾರಿಗಾದರೂ ಗೊತ್ತಿತ್ತೇ? 'ತಾಯಿಗೆ.' ಯಾಕೆ ತಡೆಯಲಿಲ್ಲ?

ಪೆನ್ನು ಅಲ್ಲೇ ನಿಂತಿತು.

"ನಾಚಿಕಿಗೆ ಅಂತ ಬರಿ" ಎಂದಳು ಹುಲಿಗೆವ್ವ.

ರಹಿಮತಬಿ ಬರೆದಳು. ಸಹಿ ಮಾಡಿಸಿಕೊಂಡಳು. ಹುಲಿಗೆವ್ವನದು ಹೆಬ್ಬೆಟ್ಟು, ಮಸಿ ಹಚ್ಚಲು ಅವಳ ಕೈ ಹಿಡಿಯಬೇಕಾಯಿತು. ಹಿಡಿದಳು, ಒತ್ತಿಸಿದಳು, ಬಿಟ್ಟಳು. ಎದ್ದು ತನ್ನ ಖೋಲಿಗೆ ಹೋಗಿ ಬಾಗಿಲು ಹಾಕಿಕೊಂಡಳು.

ಆ ವಾರ ಇಬ್ಬರೂ ಮಾತಾಡಲಿಲ್ಲ. ನಲ್ಲಿಯ ಹತ್ತಿರ ಒಬ್ಬಳು ಬಂದರೆ ಇನ್ನೊಬ್ಬಳು ಕೊಡ ಎತ್ತಿಕೊಂಡು ಹೋಗುತ್ತಿದ್ದಳು. ರಸೂಲಸಾಬ ಬಂದವನು ಏನಾಯಿತೆಂದು ಕೇಳಿದ, ಏನೂ ಇಲ್ಲವೆಂದಳು. ಮಗನನ್ನು ಕೊಂದದ್ದು ಖಡ್ಡಾ ಎಂದು ಅವನೂ ನಂಬಿಕೊಂಡು ಲಾರಿ ನಡೆಸುತ್ತಿದ್ದ. ಆ ನಂಬಿಕೆಯನ್ನು ಕಿತ್ತುಕೊಳ್ಳಲು ಅವಳಿಗೆ ಬಾಯಿ ಬರಲಿಲ್ಲ. ಹಾಗೆ ಬಾಯಿ ಬಾರದೆ ಕೂತಾಗ ಅವಳಿಗೆ ಹುಲಿಗೆವ್ವ ಸ್ವಲ್ಪ ಅರ್ಥವಾದಳು. ಅರ್ಥವಾಯಿತೆಂದು ಸಿಟ್ಟೇನೂ ಇಳಿಯಲಿಲ್ಲ.

ಕೊನೆಗೆ ಮಾತಾಡಿದವಳು ಹುಲಿಗೆವ್ವನೇ. ನಲ್ಲಿಯ ಹತ್ತಿರ ಈ ಸಲ ಕೊಡ ಎತ್ತದೆ ನಿಂತು ಕೇಳಿದಳು.

"ಹಾರೂನನ ಕಾಗದದಾಗ ತಿದ್ದಿಸಿದಿಯೇನಕ್ಕಾ?"

"ಇಲ್ಲ."

"ಅಲ್ಲೆ ಇನ್ನೂ ಖಡ್ಡಾ ಅಂತs ಐತೇನ?"

"ಐತಿ."

"ನಂದು ಬರಕೊಂಡಿ" ಎಂದಳು ಹುಲಿಗೆವ್ವ. ಜಗಳದ ದನಿಯಲ್ಲ, ಸುಮ್ಮನೆ ಅಂದಳು. ಕೊಡ ತುಂಬಿತ್ತು, ಎತ್ತಿಕೊಂಡು ಹೋದಳು.

ಮರುದಿನ ರಹಿಮತಬಿ ಸಂಸ್ಥೆಯ ಆಫೀಸಿಗೆ ಹೋಗಿ ಹಾರೂನನ ಹಾಳೆ ತೆಗೆಸಿದಳು. ಮುತ್ತುವಿನದನ್ನು ಓದಿದ್ದ ಜಯಶ್ರೀ ಮೇಡಂ, ಇವಳು ಬರುತ್ತಾಳೆಂದು ಕಾಯುತ್ತಿದ್ದವರಂತೆ, ಕುರ್ಚಿ ಎಳೆದು ಕೂರಿಸಿದರು. "ಈಗs ಮಾಡಬೇಕಂತ ಏನಿಲ್ಲ" ಎಂದರು.

"ಈಗs ಮಾಡ್ರಿ. ಮೊದಲ ಒಂದ ಮಾತ. ನನ್ನ ಮಗ ಕುಡದಿದ್ದಿಲ್ಲ. ಕುಡದವನ ಹಿಂದ ಕುಂತಿದ್ದ. ಅದನ್ನ ಚಂದಗೆ ಬರೀರಿ."

ಮೇಡಂ ಬರೆದರು. ಸತ್ತವನು ಕುಡಿದಿದ್ದನೇ, ಇಲ್ಲ. ನಡೆಸಿದವನು ಕುಡಿದಿದ್ದನೇ, ಹೌದು. ಇಂಥ ಸಾವೂ ಕುಡಿತದ ಲೆಕ್ಕಕ್ಕೇ ಸೇರುತ್ತದೆ ಎಂದು ಮೆತ್ತಗೆ ವಿವರಿಸಿದರು. ರಹಿಮತಬಿಗೆ ಅದು ಗೊತ್ತಿತ್ತು, ತರಬೇತಿಯಲ್ಲಿ ಹೇಳಿಕೊಟ್ಟಿದ್ದರು. ತನ್ನ ಮಗನ ಹೆಸರಿನ ಎದುರು ಕೇಳುವಾಗ ಮಾತ್ರ ಹೊಸದಾಗಿ ನೋಯಿತು, ಅತ್ತಳು. ಅತ್ತು ಸೆರಗಿನಿಂದ ಮುಖ ಒರೆಸಿಕೊಂಡು ಹಾಳೆ ತಿರುವಲು ಹೇಳಿದಳು.

"ಕುಡದದ್ದು ಯಾರಿಗರ ಗೊತ್ತಿತ್ತೇನ್ರಿ?" ಎಂದು ಓದಿದರು ಮೇಡಂ.

"ಮುತ್ತುನ ಅವ್ವಗ ಗೊತ್ತಿತ್ರಿ."

"ಯಾಕ ತಡೀಲಿಲ್ಲ?"

"ತಡದಿದ್ಲು. ಚಾವಿ ಕಸಗೊಂಡಿದ್ಲು. ನಾ ಹೋಗಿ ಅವಸರಾ ಮಾಡಿದೆ. ನನ್ನ ಮುಂದ ಹೇಳಾಕ ನಾಚಿದ್ಲು, ಕೊಟ್ಲು."

ಮೇಡಂ ಪೆನ್ನು ಎತ್ತಿದರು. ಇದನ್ನು ಬರೆಯುವುದೋ ಬಿಡುವುದೋ ಎಂದು ಅವರು ಅನುಮಾನಿಸುತ್ತಿರುವುದು ಮುಖದಲ್ಲೇ ಕಾಣುತ್ತಿತ್ತು.

"ಬರಕೋರಿ ಮೇಡಂ" ಎಂದಳು ರಹಿಮತಬಿ. "ನಾ ಎಲ್ಲಾರದೂ ಬರಕೊಂಡೇನಿ."